ಐದು ಹೊಲ ಕಾಯುವ ದನಿ

ಆ ವರ್ಷ ಜಗಳೂರಿನಿಂದ ಬಿಳಿಕಲ್ಲಹಳ್ಳಿಗೆ ಬರುವ ಬಸ್ಸು ಊರ ಮುಂದಿನ ತಿರುವಿನಲ್ಲಿ ನಿಂತರೆ ಮೊದಲು ಕೇಳುತ್ತಿದ್ದದ್ದು ಕಸ್ತೂರಮ್ಮನ ಬೈಗುಳ. ಹೊಸಬರು ಗಾಬರಿಯಾಗಿ ಕಂಡಕ್ಟರನ ಮುಖ ನೋಡುತ್ತಿದ್ದರು. ಕಂಡಕ್ಟರು ತಲೆ ಎತ್ತದೆ, "ಅದು ಮೈಕು, ಕರಡಿಗೆ ಬೈತೈತೆ, ನೀವು ಇಳೀರಿ" ಅನ್ನುತ್ತಿದ್ದ.

ಬೈಗುಳ ಬರುತ್ತಿದ್ದದ್ದು ಒಂದು ಕಡೆಯಿಂದಲ್ಲ, ಐದು ಹೊಲಗಳಿಂದ. ಮೊದಲು ಷಣ್ಮುಖಪ್ಪನ ಹೊಲ, ಆಮೇಲೆ ಪಕ್ಕದ ಓಬಣ್ಣನದು, ಆಮೇಲೆ ಗುಡ್ಡದ ಬುಡಕ್ಕೆ ಹತ್ತಿಕೊಂಡ ಇನ್ನು ಮೂರು. ಐದರಲ್ಲೂ ಮೆಕ್ಕೆಜೋಳ ತೆನೆ ಕಟ್ಟಿತ್ತು, ಐದರಲ್ಲೂ ಕಂಬಕ್ಕೊಂದು ಮೈಕು ಕಟ್ಟಿತ್ತು, ಐದೂ ಮೈಕುಗಳ ಒಳಗೆ ಇದ್ದದ್ದು ಒಬ್ಬಳೇ ಹೆಂಗಸು.

ಆ ದನಿ ಕಸ್ತೂರಮ್ಮನಿಗೆ ತವರಿನಿಂದ ಬಂದದ್ದು. ಅವಳ ತವರು ನ್ಯಾಮತಿ ಕಡೆ. ಮನೆ ನಾಲೆಯ ಈ ದಡದಲ್ಲಿ, ಗದ್ದೆ ಆ ದಡದಲ್ಲಿ. ಊಟಕ್ಕೆ ಬಾ ಅಂತ ಅಪ್ಪನಿಗೆ ಹೇಳಬೇಕಾದರೆ ಸೇತುವೆ ಸುತ್ತಿಕೊಂಡು ಅರ್ಧ ಗಂಟೆ ನಡೆಯಬೇಕು, ಇಲ್ಲದಿದ್ದರೆ ದಡದಲ್ಲಿ ನಿಂತು ಕೂಗಬೇಕು. ಏಳನೇ ವಯಸ್ಸಿನಿಂದ ಕೂಗಿ ಕೂಗಿ ಹದಗೊಂಡ ಗಂಟಲು ಅದು. ಮದುವೆಯಾಗಿ ಈ ಕಡೆ ಬಂದಾಗ ಅತ್ತೆ ಮೊದಲ ವಾರವೇ, "ನಿಧಾನ ಮಾತಾಡವ್ವ, ಇಲ್ಲಿ ನಾಲೆ ಇಲ್ಲ" ಅಂದಿದ್ದರು.

ಗಂಡ ಷಣ್ಮುಖಪ್ಪನ ದನಿ ಅದಕ್ಕೆ ತದ್ವಿರುದ್ಧ. ಎತ್ತುಗಳಿಗೂ ಬಹುವಚನ ಹಚ್ಚುವ ಮನುಷ್ಯ. "ಸ್ವಲ್ಪ ಸರೀರಿ" ಅಂತ ಎತ್ತಿಗೆ ಹೇಳಿ, ಅದು ಸರಿಯುವ ತನಕ ಕಾಯುತ್ತಾ ನಿಲ್ಲುತ್ತಿದ್ದ. ಕರಡಿ ಮೊದಲ ಸಲ ಹೊಲಕ್ಕೆ ಇಳಿದು ಎರಡು ಸಾಲು ತೆನೆ ಮುರಿದು ಹೋದಾಗ, ಕಸ್ತೂರಮ್ಮನ ತಮ್ಮ ಮಹಾಂತೇಶ ನ್ಯಾಮತಿಯ ತನ್ನ ಎಲೆಕ್ಟ್ರಿಕ್ ಅಂಗಡಿಯಿಂದ ಒಂದು ಮೈಕು ತಂದುಕೊಟ್ಟ. ಬ್ಯಾಟರಿ, ಬಿಸಿಲಿಗೆ ಹಿಡಿಯುವ ಪುಟ್ಟ ಸೋಲಾರ್ ಹಲಗೆ, ಒಂದು ಗುಂಡಿ. ಗುಂಡಿ ಒತ್ತಿ ಮಾತಾಡಿದರೆ ಅದನ್ನೇ ಎರಡು ನಿಮಿಷಕ್ಕೊಂದು ಸಲ ಹಗಲೂ ರಾತ್ರಿ ಹೇಳುತ್ತಿರುತ್ತದೆ. ಮೊದಲು ಷಣ್ಮುಖಪ್ಪನೇ ಮಾತಾಡಿದ. "ಹೋಗಪ್ಪಾ, ಹೋಗು, ಒಳ್ಳೇದಲ್ಲ ಇದು" ಅಂದ. ಆ ವಾರ ಕರಡಿ ಮೂರು ದಿನ ಬಂತು.

"ಅಕ್ಕ, ನೀನು ಬೈಯಿ" ಅಂದ ಮಹಾಂತೇಶ. "ಜನ ಇದಾರೆ ಅಂತ ಗೊತ್ತಾಗಂಗೆ ಬೈಯಿ. ನಾಕ್ ಜನನ್ನ ಕರಿ."

ಕಸ್ತೂರಮ್ಮ ಸೆರಗು ಸಿಗಿಸಿಕೊಂಡು ಗುಂಡಿ ಒತ್ತಿದಳು. "ಲೇ, ನಿನ್ ಮನೆ ಹಾಳಾಗ, ನಿಮ್ಮಪ್ಪ ಬಿತ್ತಿದ್ನೇನೋ ಇದನ್ನ, ಹೋಗ್ತೀಯೋ ಇಲ್ವೋ. ರೀ, ಬರ್ರೀ ಬೇಗ, ಕರಡಿ ಬಂತು ಕರಡಿ. ಬರ್ರಪ್ಪೋ ಯಾರಾದ್ರೂ, ಸತ್ತೆ ನಾನು." ಮಹಾಂತೇಶ ಕಿವಿ ಮುಚ್ಚಿಕೊಂಡೇ, ಚೆನ್ನಾಗೈತೆ ಅಂತ ತಲೆ ಆಡಿಸಿದ. ಆಮೇಲೆ ಹದಿನೈದು ದಿನ ಕರಡಿಯ ಸುಳಿವಿರಲಿಲ್ಲ. ಓಬಣ್ಣ ಬಂದು ಅದೇ ದನಿಯನ್ನು ತನ್ನ ಮೈಕಿಗೆ ಹಾಕಿಸಿಕೊಂಡ. ಉಳಿದ ಮೂವರೂ ಹಾಕಿಸಿಕೊಂಡರು. ಕೊಡುವ ಮೊದಲು ಷಣ್ಮುಖಪ್ಪ ಹೆಂಡತಿಯನ್ನು ಕೇಳಲಿಲ್ಲ. ಹಾಲಿಗೆ ಹೆಪ್ಪು ಕೇಳಿದರೆ ಕೊಡುವುದಿಲ್ಲವೇ, ಇದೂ ಹಾಗೇ ಅಂದುಕೊಂಡ.

ಕಸ್ತೂರಮ್ಮನಿಗೆ ಮೊದಮೊದಲು ಒಂದು ಥರ ಹೆಮ್ಮೆಯೇ ಆಯಿತು. ಆಮೇಲೆ ಕಿರಿಕಿರಿ ಶುರುವಾಯಿತು. ಸಂತೇಬೆನ್ನೂರಿಗೆ ಕೊಟ್ಟ ಮಗಳು ಕಲ್ಪನಾ ಫೋನು ಮಾಡಿದರೆ, "ಅವ್ವ, ನನ್ ಹತ್ರ ಮಾತಾಡ್ತಾ ಯಾರಿಗೆ ಬೈತಿದೀಯ" ಅನ್ನುತ್ತಿದ್ದಳು. ಅಂಗನವಾಡಿ ಮಕ್ಕಳು "ಸತ್ತೆ ನಾನು" ಅನ್ನುವುದನ್ನು ಸರಿಯಾದ ರಾಗದಲ್ಲಿ ಕಲಿತವು. ಇದೆಲ್ಲ ಹೋಗಲಿ ಅನ್ನಬಹುದಿತ್ತು. ಹೋಗಲಿ ಅನ್ನಲಾಗದ್ದು ಇನ್ನೊಂದಿತ್ತು. ಷಣ್ಮುಖಪ್ಪ ಅವಳ ದನಿಗೆ ಏಳುವುದನ್ನೇ ಬಿಟ್ಟಿದ್ದ. ಅಡುಗೆಮನೆಯಿಂದ "ರೀ, ಬರ್ರೀ" ಅಂದರೆ ಜಗಲಿಯಲ್ಲಿ ಕೂತವನು ಗುಡ್ಡದ ಕಡೆ ನೋಡುತ್ತಿದ್ದ. ಮುದ್ದೆ ಆರಿ ಗಟ್ಟಿಯಾದ ಮೇಲೆ, "ಕರೆದ್ಯಾ" ಅಂತ ಬರುತ್ತಿದ್ದ.

ಸೆಪ್ಟೆಂಬರಿನಲ್ಲಿ ಫಾರೆಸ್ಟ್ ವಾಚರ್ ಭೀಮೇಶ್ ಬಂದು ಶಾಲೆಯ ಮುಂದೆ ಸಭೆ ಸೇರಿಸಿದ. ಕೈಯಲ್ಲಿ ಅಚ್ಚು ಮಾಡಿಸಿದ ಕಾಗದ. ಹೊತ್ತು ಮೂಡುವ ಮುಂಚೆ, ಮುಳುಗಿದ ಮೇಲೆ ಒಬ್ಬರೇ ಹೊಲಕ್ಕೆ ಹೋಗಬಾರದು ಅಂತ ಓದಿದ. ಹೋದರೂ ಕೋಲು ಕುಟ್ಟುತ್ತಾ, ಮಾತಾಡುತ್ತಾ ಹೋಗಬೇಕು, ಕರಡಿಗೆ ನಾವು ಬರುವುದು ಮೊದಲೇ ಗೊತ್ತಾಗಬೇಕು. ಎದುರಿಗೆ ಸಿಕ್ಕರೆ ಓಡಬಾರದು, ಮರ ಹತ್ತಬಾರದು, ಅದು ನಮಗಿಂತ ಚೆನ್ನಾಗಿ ಹತ್ತುತ್ತದೆ. ಹಿಂದಹಿಂದಕ್ಕೆ ಸರಿಯಬೇಕು. ಅದರ ದಾರಿಗೆ ಅಡ್ಡ ನಿಲ್ಲಬಾರದು. ಮೈಮೇಲೆ ಬಿದ್ದರೆ ಬೋರಲು ಮಲಗಿ ಕುತ್ತಿಗೆ ಮುಚ್ಚಿಕೊಳ್ಳಬೇಕು. ಬೆಲ್ಲ, ಹಿಂಡಿ, ಹಣ್ಣಿನ ಸಿಪ್ಪೆ ಮನೆ ಹಿಂದೆ ಹಾಕಬಾರದು. ಇಷ್ಟು ಹೇಳಿ ಕಾಗದ ಮಡಚಿದ.

"ಮೈಕು ಒಳ್ಳೇದೇ. ಆದ್ರೆ ವಾರಕ್ಕೊಂದ್ ಸಲ ದನಿ ಬದಲಾಯಿಸ್ಬೇಕು" ಅಂದ ಆಮೇಲೆ. "ಒಂದೇ ಕೇಳಿ ಕೇಳಿ ಅದುಕ್ಕೆ ರೂಢಿ ಆಗಿಬಿಡ್ತೈತೆ."

ಕಸ್ತೂರಮ್ಮ ಎದ್ದು ನಿಂತಳು. "ಕರಡಿಗ್ ರೂಢಿ ಆಗೋದು ಆಮೇಲೆ, ಊರಿಗೇ ರೂಢಿ ಆಗೈತಲ್ಲಪ್ಪ. ನಾಳೆ ನಿಜವಾಗ್ಲೂ ಕರಡಿ ಬಂದು ನಾನು ಕೂಗಿದ್ರೆ ಯಾರ್ ಬರ್ತಾರೆ?"

ಜನ ನಕ್ಕರು. ಷಣ್ಮುಖಪ್ಪನೂ ಮೆಲ್ಲಗೆ ನಕ್ಕ. ನಗದೇ ಇದ್ದವನು ಭೀಮೇಶ್ ಒಬ್ಬನೇ. ಅವನು ಕಾಗದದ ಹಿಂಬದಿಯಲ್ಲಿ ಏನನ್ನೋ ಬರೆದುಕೊಂಡು, "ಆ ಪ್ರಶ್ನೆ ನಮ್ ಕಾಗದದಾಗೆ ಇಲ್ಲ ಅಕ್ಕ" ಅಂದ.

ಅದಾಗಿ ನಾಲ್ಕನೇ ದಿನ ಕಸ್ತೂರಮ್ಮ ಹಿತ್ತಲ ಬಾಗಿಲಲ್ಲಿ ಸಿಕ್ಕಿಕೊಂಡಳು. ತಲೆಯ ಮೇಲೆ ಹಸಿ ಹುಲ್ಲಿನ ಹೊರೆ, ಬಾಗಿಲು ಕಿರಿದು. ಹೊರೆ ಒಳಕ್ಕೂ ಬರಲಿಲ್ಲ, ಹೊರಕ್ಕೂ ಹೋಗಲಿಲ್ಲ. ಕೆಳಗೆ ಹಾಕೋಣವೆಂದರೆ ಕುತ್ತಿಗೆ ತಿರುಗುತ್ತಿಲ್ಲ. "ರೀ, ಬರ್ರೀ ಬೇಗ" ಅಂದಳು. ಗೋಡೆಯ ಆಚೆ ಷಣ್ಮುಖಪ್ಪ ಶೇಂಗಾ ಬಿಡಿಸುವ ಸದ್ದು ಕೇಳುತ್ತಿತ್ತು. ಪಟ್, ಪಟ್. ಮತ್ತೆ ಕೂಗಿದಳು. ಪಟ್, ಪಟ್. ಹದಿನೈದು ನಿಮಿಷ ಆದ ಮೇಲೆ ಅವನೇ ನೀರು ಕುಡಿಯಲು ಎದ್ದು ಬಂದು ನೋಡಿ, "ಹಿಂಗ್ಯಾಕೆ ನಿಂತೀಯ" ಅಂದ.

ಹೊರೆ ಇಳಿದ ಮೇಲೆ ಕಸ್ತೂರಮ್ಮ ಕೂಗಲಿಲ್ಲ. ಮೆಲ್ಲಗೇ ಹೇಳಿದಳು. "ಆ ಮೈಕಿನಾಗಿಂದ ನನ್ ದನಿ ತೆಗೀರಿ."

"ತೆಗೆಯಾನ. ತೆನೆ ಮುರಿಯೋ ತನ್ಕ ಇರ್ಲಿ. ದೀಪಾವಳಿಗೆ ಎಷ್ಟ್ ದಿನ ಐತೆ."

"ನಾಳೆ ನಾನು ಸತ್ತೆ ಅಂತ ಕೂಗಿದ್ರೂ ನೀವು ಮೈಕು ಅಂತೀರಿ."

ಷಣ್ಮುಖಪ್ಪ ಯೋಚನೆ ಮಾಡಿದ. "ಸತ್ತೋರು ಎಲ್ಲಿ ಕೂಗ್ತಾರೆ" ಅಂದ. ಅವನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಕಸ್ತೂರಮ್ಮನಿಗೆ ಕಂಡಿತು. ಮೂವತ್ತೊಂದು ವರ್ಷ ಈ ಮನೆಯಲ್ಲಿ ಅವಳಿಗೆ ಅಂತ ಇದ್ದದ್ದು ಆ ಗಂಟಲೊಂದೇ, ಅದನ್ನೂ ತೆಗೆದುಕೊಂಡು ಹೋಗಿ ಕಂಬಕ್ಕೆ ಕಟ್ಟಿದ್ದರು. ರಾತ್ರಿ ಅವಳು ಊಟ ಮಾಡಲಿಲ್ಲ. ಷಣ್ಮುಖಪ್ಪ, ಏಕಾದಶಿ ಇರಬೇಕು ಅಂದುಕೊಂಡ.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಅಷ್ಟು ದೊಡ್ಡ ದನಿಯ ಕಸ್ತೂರಮ್ಮ ಗಂಡನ ಹೆಸರನ್ನು ಒಂದು ದಿನವೂ ಬಾಯಿಬಿಟ್ಟು ಹೇಳಿದವಳಲ್ಲ. ಗಂಡನ ಹೆಸರು ಹಿಡಿದು ಕರೆದರೆ ಅವನ ಆಯುಸ್ಸು ಸವೆಯುತ್ತದೆ ಅಂತ ತವರಲ್ಲಿ ಹೇಳಿ ಕಳಿಸಿದ್ದರು. ಮದುವೆಯಲ್ಲಿ ಒಡಪು ಕಟ್ಟಿ ಹೆಸರು ಹೇಳು ಅಂತ ಹೆಂಗಸರೆಲ್ಲ ಕಾಡಿದಾಗ ತಲೆ ತಗ್ಗಿಸಿ ಏನೋ ಗೊಣಗಿದ್ದಳು. ಅವಳು ಮಾತಾಡಿದ್ದು ಪಕ್ಕದಲ್ಲಿದ್ದವರಿಗೂ ಕೇಳಿಸದೇ ಹೋದ ದಿನ ಅದೊಂದೇ. ಗ್ಯಾಸಿನ ಕನೆಕ್ಷನ್ ತಗೊಳ್ಳುವಾಗ ಕಂಪ್ಯೂಟರ್ ಮುಂದಿದ್ದವನು ಗಂಡನ ಹೆಸರು ಕೇಳಿದ್ದಕ್ಕೆ, "ಆರು ಮುಖದ ಸ್ವಾಮಿ ಹೆಸ್ರು" ಅಂದಿದ್ದಳು. ಅವನು ಆರ್ಮುಗಂ ಅಂತ ಹೊಡೆದ. ಎರಡು ವರ್ಷ ಆ ಮನೆಗೆ ಸಿಲಿಂಡರು ಆರ್ಮುಗಂ ಹೆಸರಿನಲ್ಲಿ ಬಂತು. ಷಣ್ಮುಖಪ್ಪ ಪ್ರತಿ ಸಲವೂ ಆರ್ಮುಗಂ ಅಂತ ಸಹಿ ಹಾಕಿ ಇಳಿಸಿಕೊಂಡ.

ಮಾರನೇ ದಿನ ಬೆಳಗ್ಗೆ ಆರಕ್ಕೆ ಹತ್ತು ನಿಮಿಷ ಇರುವಾಗ ಕಸ್ತೂರಮ್ಮ ಚಹಾ ಸೋಸಿ ಜಗಲಿಗೆ ಇಟ್ಟಳು. ಓಬಣ್ಣನೂ ಬಂದು ಕೂತಿದ್ದ, ಅವನಿಗೂ ಒಂದು ಲೋಟ. ಆಮೇಲೆ ಯಾರಿಗೂ ಹೇಳದೆ ಹಿತ್ತಲಿನಿಂದ ಹೊಲಕ್ಕೆ ಹೊರಟಳು. ಹೊಲ ಕೂಗಳತೆಯಲ್ಲಿತ್ತು. ಮೈಕಿನ ವೈರು ಕಿತ್ತು ಉಡಿಯಲ್ಲಿ ಕಟ್ಟಿಕೊಂಡು ಬರುವುದು, ಬಂದು ಏನೂ ಆಗದವಳಂತೆ ರೊಟ್ಟಿ ತಟ್ಟುವುದು, ಇಷ್ಟೇ ಅವಳ ಲೆಕ್ಕ. ಹೊತ್ತು ಮೂಡಿರಲಿಲ್ಲ. ಒಬ್ಬಳೇ ಇದ್ದಳು. ಕೋಲೂ ಇರಲಿಲ್ಲ, ಸದ್ದೂ ಮಾಡಲಿಲ್ಲ. ಭೀಮೇಶನ ಕಾಗದದ ಮೊದಲ ಎರಡು ಸಾಲು ಅಲ್ಲಿಗೆ ಮುಗಿದವು.

ಮೆಕ್ಕೆಜೋಳದ ಸಾಲಿನ ನಡುವೆ ಸರಿದುಕೊಂಡು ಕಂಬದ ಹತ್ತಿರ ಬಂದಾಗ ಮೈಕು ಒಮ್ಮೆ ಬೈದು ಸುಮ್ಮನಾಯಿತು. ಆ ಸುಮ್ಮನಾದ ಹೊತ್ತಿನಲ್ಲಿ ಇನ್ನೊಂದು ಸದ್ದು ಕೇಳಿತು. ಯಾರೋ ಮೂಗು ಕಟ್ಟಿದವರು ಅವಸರವಿಲ್ಲದೆ ಊಟ ಮಾಡುತ್ತಿರುವ ಸದ್ದು.

ಕರಡಿ ಕಂಬದ ಬುಡದಲ್ಲೇ ಕೂತಿತ್ತು. ಮೈತುಂಬ ಕೆದರಿದ ಕರಿ ಕೂದಲು, ಎದೆಯ ಮೇಲೆ ಬಿಳಿ ಪಟ್ಟೆ, ತೆನೆ ಹಿಡಿದ ಕೈಗೆ ಬೆರಳುದ್ದದ ಉಗುರು. ಸುತ್ತ ಸುಲಿದ ಸಿಪ್ಪೆಯ ರಾಶಿ. ಐದು ಹೊಲದಲ್ಲಿ ಅದು ಊಟಕ್ಕೆ ಆರಿಸಿಕೊಂಡಿದ್ದು ಕಸ್ತೂರಮ್ಮನ ಬೈಗುಳದ ನೇರ ಕೆಳಗಿನ ಜಾಗವನ್ನು. ಅಲ್ಲಿ ಬೇರೆ ಯಾವ ಪ್ರಾಣಿಯೂ ಬರುತ್ತಿರಲಿಲ್ಲವೇನೋ, ನೆಮ್ಮದಿ.

ಇಬ್ಬರ ನಡುವೆ ಹತ್ತು ಹೆಜ್ಜೆ. ಕಸ್ತೂರಮ್ಮ ಓಡಲಿಲ್ಲ. ಓಡಬಾರದು ಅನ್ನುವುದು ನೆನಪಿತ್ತು, ಕಾಲಿಗೂ ಓಡುವ ಮನಸ್ಸಿರಲಿಲ್ಲ. ಹಿಂದಕ್ಕೆ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಮೂರನೆಯದಕ್ಕೆ ಸೋಲಾರ್ ಹಲಗೆಯ ವೈರು ಹಿಮ್ಮಡಿಗೆ ಸಿಕ್ಕಿ ಕುಕ್ಕರಿಸಿ ಬಿದ್ದಳು. ಕಾಲು ಹೊರಳಿತು. ಏಳಲು ನೋಡಿದರೆ ಆಗಲಿಲ್ಲ. ಬಿದ್ದ ಜಾಗ ನೋಡಿಕೊಂಡಳು. ಸಾಲು ಅಲ್ಲಿಗೆ ಮುಗಿದು, ಬೇಲಿಯಲ್ಲಿ ಒಂದು ಕಂಡಿ, ಕಂಡಿಯ ಆಚೆ ಗುಡ್ಡಕ್ಕೆ ಹೋಗುವ ಸವೆದ ದಾರಿ. ಕರಡಿ ದಿನಾ ಬಂದು ಹೋಗುವ ಬಾಗಿಲಲ್ಲೇ ಅವಳು ಕೂತಿದ್ದಳು.

ಬೆಳಕು ಹರಿಯುತ್ತಿತ್ತು. ಕರಡಿಗೆ ಮನೆಗೆ ಹೋಗುವ ಹೊತ್ತು. ತಿಂದ ದಿಂಡು ಕೆಳಗಿಟ್ಟು, ನಾಲ್ಕೂ ಕಾಲಿಗೆ ಇಳಿದು, ಅವಳ ಕಡೆಗೇ ಹೊರಟಿತು.

ಕಸ್ತೂರಮ್ಮ ಕೂಗಿದಳು. "ಬರ್ರಪ್ಪೋ, ಕರಡಿ ಬಂತು ಕರಡಿ. ರೀ, ಬರ್ರೀ ಬೇಗ." ನಾಲೆಯ ಆ ದಡಕ್ಕೆ ಕೇಳುತ್ತಿದ್ದ ದನಿ ಅದು, ಗುಡ್ಡಕ್ಕೆ ಬಡಿದು ವಾಪಸ್ಸು ಬಂತು. ಊರಲ್ಲಿ ಒಂದು ನಾಯಿಯೂ ಬೊಗಳಲಿಲ್ಲ. ಅವಳ ದನಿ ಮುಗಿಯುವುದಕ್ಕೂ ಓಬಣ್ಣನ ಹೊಲದ ಮೈಕು ಅದನ್ನೇ ಹೇಳಲು ಶುರು ಮಾಡುವುದಕ್ಕೂ ಸರಿಹೋಯಿತು. ಕರಡಿಯ ನಡಿಗೆಯಲ್ಲೂ ಏನೂ ಬದಲಾಗಲಿಲ್ಲ. ಒಂದೂವರೆ ತಿಂಗಳಿಂದ ಆ ದನಿ ಕೇಳುತ್ತಾ ಬಂದ ಪ್ರಾಣಿ, ಅದರ ಪಾಲಿಗೆ ಅದು ಗಾಳಿಯ ಸದ್ದು. ಎಂಟು ಹೆಜ್ಜೆ. ಏಳು.

ಜಗಲಿಯ ಮೇಲೆ ಆಗ ನಡೆದದ್ದನ್ನು ಓಬಣ್ಣ ಆಮೇಲೆ ಹೇಳಿದ. ಷಣ್ಮುಖಪ್ಪ ಚಹಾ ಊದುತ್ತಾ, "ಇವತ್ತು ಬ್ಯಾಟ್ರಿ ಫುಲ್ ಚಾರ್ಜ್ ಐತೆ ನೋಡು" ಅಂದನಂತೆ.

"ಸತ್ತೆ ನಾನು" ಅಂತ ಕೂಗಲು ಬಾಯಿ ತೆರೆದ ಕಸ್ತೂರಮ್ಮ, ಅದೂ ಮೈಕಿನೊಳಗೆ ಇದೆಯಲ್ಲ ಅಂತ ಬಾಯಿ ಮುಚ್ಚಿದಳು. ಅವಳ ಹತ್ತಿರ ಇದ್ದ ಕೂಗೆಲ್ಲ ಖರ್ಚಾಗಿ ಹೋಗಿತ್ತು. ಬೈಗುಳ ಮೈಕಿನದು, ಬರ್ರೀ ಅನ್ನುವುದು ಮೈಕಿನದು, ಸಾಯುವುದೂ ಮೈಕಿನದೇ. ಆ ಮೈಕಿಗೆ ಕೊಡದೇ ಉಳಿಸಿಕೊಂಡ ಮಾತು ಒಂದೇ ಒಂದಿತ್ತು. ಅವರ ಆಯುಸ್ಸು ಅಂತ ಒಂದು ಕ್ಷಣ ಅನ್ನಿಸಿತು. ಸ್ವಲ್ಪ ಕಮ್ಮಿ ಆಗುವುದಾದರೆ ಆಗಲಿ, ಗಟ್ಟಿ ಜೀವ, ತಡಕೊಳ್ಳುತ್ತಾರೆ ಅಂತಲೂ ಅನ್ನಿಸಿತು.

"ಷಣ್ಮುಖಪ್ಪಾ" ಅಂತ ಕೂಗಿದಳು.

ಕರಡಿ ನಿಂತಿತು. ಈ ಮಾತು ಅದಕ್ಕೆ ಹೊಸದು. ಹಿಂಗಾಲ ಮೇಲೆ ಎದ್ದು, ಮೂತಿ ಎತ್ತಿ, ಈ ದನಿಗೆ ಒಂದು ಮೈಯೂ ಇದೆ ಅನ್ನುವುದನ್ನು ಮೊದಲ ಸಲ ನೋಡಿತು. ಅದು ಅಷ್ಟೆತ್ತರ ಇದೆ ಅಂತ ಕಸ್ತೂರಮ್ಮನಿಗೂ ಆಗಲೇ ಗೊತ್ತಾದದ್ದು. ಮತ್ತೆ ಕೂಗಿದಳು. ಆಮೇಲೆ ಬೋರಲು ಬಿದ್ದು ಎರಡೂ ಕೈಯಲ್ಲಿ ಕುತ್ತಿಗೆ ಮುಚ್ಚಿಕೊಂಡು ಕಣ್ಣು ಮುಚ್ಚಿದಳು. ಮಣ್ಣಿನ ವಾಸನೆ, ಮೂಗಿನ ಆ ಗೊರಗೊರ. ಪ್ರಾಣದ ಆಸೆ ಎಷ್ಟಿದೆ ಅಂತ ಅವಳಿಗೆ ಆಗ ಗೊತ್ತಾಯಿತು, ಬಹಳ ಇತ್ತು.

ಯಾರದೋ ಕೈ ಅವಳ ಕಂಕುಳಿಗೆ ಬಿತ್ತು. ಹುಲ್ಲಿನ ಹೊರೆ ಎಳೆಯುವ ಹಾಗೆ ಅವಳನ್ನು ಪಕ್ಕದ ಸಾಲಿಗೆ ಎಳೆಯಿತು. ನೋಡಿದರೆ ಷಣ್ಮುಖಪ್ಪ. ಕಾಲಲ್ಲಿ ಚಪ್ಪಲಿ ಇಲ್ಲ, ಕೋಲಿಲ್ಲ, ಬಲಗೈಯಲ್ಲಿ ಚಹಾದ ಲೋಟ. ಕೆಳಗಿಡುವುದು ತೋಚದೆ ಹಿಡಿದುಕೊಂಡೇ ಓಡಿಬಂದಿದ್ದ. ಅವಳನ್ನು ಬೆನ್ನ ಹಿಂದೆ ಮಾಡಿಕೊಂಡು, ಬರಿದಾದ ಲೋಟದ ಕೈಯನ್ನು ಬೇಲಿಯ ಕಂಡಿಯ ಕಡೆ ಚಾಚಿ ಕರಡಿಗೆ ಹೇಳಿದ.

"ಹೋಗ್ರಿ. ದಾರಿ ಬಿಟ್ಟೀವಿ, ಹೋಗ್ರಿ."

ಆ ದನಿ ನಡುಗುತ್ತಿತ್ತು, ಆದರೆ ಬಹುವಚನ ಬಿಟ್ಟಿರಲಿಲ್ಲ. ಕರಡಿ ಅವನನ್ನೊಮ್ಮೆ ನೋಡಿತು, ಖಾಲಿಯಾದ ದಾರಿಯನ್ನೊಮ್ಮೆ ನೋಡಿತು. ನಾಲ್ಕು ಕಾಲಿಗೆ ಇಳಿದು, ಅವರ ಪಕ್ಕದಲ್ಲೇ ಹಾದು, ಕಂಡಿಯಲ್ಲಿ ನುಸುಳಿ ಗುಡ್ಡ ಹತ್ತಿತು. ಓಬಣ್ಣ ಡಬ್ಬ ಬಡಿಯುತ್ತಾ ಆರೇಳು ಜನರ ಜೊತೆ ಬಂದು ಮುಟ್ಟಿದಾಗ ಅಲ್ಲಿ ಬಡಿಯುವ ಕೆಲಸ ಉಳಿದಿರಲಿಲ್ಲ.

ಎರಡು ನಿಮಿಷ ಆಗಿತ್ತೇನೋ, ತಲೆಯ ಮೇಲೆ ಮೈಕು ಬಾಯಿಬಿಟ್ಟಿತು. "ರೀ, ಬರ್ರೀ ಬೇಗ, ಕರಡಿ ಬಂತು ಕರಡಿ."

"ಬಂದೀನಲ್ಲ" ಅಂದ ಷಣ್ಮುಖಪ್ಪ ಮೈಕಿನ ಕಡೆ ನೋಡಿ. ಹೋಗಿ ವೈರು ಕಿತ್ತ. ಆಮೇಲೆ ಹೆಂಡತಿಯ ಪಕ್ಕ ಮಣ್ಣಲ್ಲೇ ಕೂತು ಬಹಳ ಹೊತ್ತು ಅತ್ತ. ಜನ ಇದ್ದಾರೆ ಅಂತಲೂ ನೋಡಲಿಲ್ಲ. ಕಸ್ತೂರಮ್ಮ ಅವನ ಕೈಯಿಂದ ಲೋಟ ಬಿಡಿಸಿ ತಾನು ಹಿಡಿದುಕೊಂಡಳು.

ಮಧ್ಯಾಹ್ನ ಭೀಮೇಶ್ ಬಂದು ವಿಚಾರಿಸಿ ಬರೆದುಕೊಂಡ. "ಓಡ್ಲಿಲ್ಲ, ಬೋರಲು ಮಲಗಿದ್ರಿ, ಒಳ್ಳೇದು. ಒಬ್ರೇ ಹೋಗಿದ್ದು ತಪ್ಪು. ಅಷ್ಟು ಹತ್ರ ಇರೋವಾಗ ಕೂಗಿದ್ದೂ ತಪ್ಪೇ ಅಕ್ಕ" ಅಂದ. ಮಂಚದ ಮೇಲೆ ಕಾಲಿಗೆ ಬಟ್ಟೆ ಕಟ್ಟಿಸಿಕೊಂಡು ಕೂತಿದ್ದ ಕಸ್ತೂರಮ್ಮ, "ಪಾಸೋ ಫೇಲೋ ಅಷ್ಟು ಹೇಳು" ಅಂದಳು. ಅವನು ಸ್ವಲ್ಪ ಯೋಚಿಸಿ, ಪಾಸು ಅಂದ.

ಸಂಜೆಯ ಹೊತ್ತಿಗೆ ಐದೂ ಮೈಕುಗಳು ಬಾಯಿ ಮುಚ್ಚಿದ್ದವು. ಷಣ್ಮುಖಪ್ಪನೇ ನಾಲ್ಕು ಮನೆಗೂ ಹೋಗಿ ಆ ದನಿ ಅಳಿಸಿ ಬಂದಿದ್ದ. ಓಬಣ್ಣ ಮಾತ್ರ, ಆ ಹೊಸ ಕೂಗಿಗೆ ಕರಡಿ ಎದ್ದು ನಿಂತಿತಂತಲ್ಲ, ಅದನ್ನೊಂದು ಸಲ ಹಾಕಿಕೊಟ್ಟರೆ ಹೆಂಗೆ ಅಂತ ಕೇಳಿ ಕಳಿಸಿದ. ಮಹಾಂತೇಶ ಮಾರನೇ ದಿನ ಬಂದು, ಸಂತೆಯಲ್ಲಿ ಹಳೇ ಪಾತ್ರೆ ಕೊಳ್ಳುವವನ ಕೂಗನ್ನು ಎಲ್ಲರಿಗೂ ತುಂಬಿಸಿಕೊಟ್ಟ. ವಾರಕ್ಕೊಂದು ಬದಲಾಯಿಸುವುದು ಅಂತ ಮಾತಾಯಿತು.

ಅದಾಗಿ ನಾಲ್ಕೈದು ದಿನದ ಮೇಲೆ, ರೊಟ್ಟಿ ತಟ್ಟುತ್ತಿದ್ದ ಕಸ್ತೂರಮ್ಮನ ಎದುರು ಷಣ್ಮುಖಪ್ಪ ಬಂದು ಕೂತ. ಅವಳು ಕರೆದಿರಲಿಲ್ಲ. ಈಗೀಗ ಅವನು ಕರೆಯುವ ಮುಂಚೆಯೇ ಬರುತ್ತಿದ್ದ. ಒಂದು ರೊಟ್ಟಿ ಬೆಂದು ಇಳಿದ ಮೇಲೆ ಕೇಳಿದ.

"ಹೆಸ್ರು ಹಿಡಿದು ಕರೆದ್ರೆ ಗಂಡನ ಆಯುಸ್ಸು ಕಮ್ಮಿ ಆಗ್ತೈತಂತಲ್ಲ. ಎಷ್ಟ್ ಕಮ್ಮಿ ಆಗಿರ್ಬಹುದು?"

"ಎಷ್ಟಾಗ್ತೈತೆ. ಎರಡ್ ಸಲ ಕರೆದೆ ಅಷ್ಟೆ."

"ಮೂರ್ ಸಲ" ಅಂದ ಷಣ್ಮುಖಪ್ಪ. "ಒಂದನೇದಕ್ಕೆ ಎದ್ದೆ. ಎರಡನೇದಕ್ಕೆ ಬೇಲಿ ದಾಟಿದೆ. ಮೂರನೇದು ನೀನು ಬೋರಲು ಬಿದ್ದು ಮಣ್ಣಿಗೆ ಬಾಯಿ ಹಚ್ಚಿ ಕರೆದಿದ್ದು. ಅದು ನಿಂಗೇ ಕೇಳ್ಸಿಲ್ಲ ಅಂತ ಕಾಣ್ತೈತೆ. ನಂಗೆ ಕೇಳ್ತು."

ಕಸ್ತೂರಮ್ಮ ಹಿಟ್ಟಿನ ಕೈಯನ್ನು ಹಾಗೇ ಹಿಡಿದು ಕೂತಳು. ಹಂಚಿನ ಮೇಲೆ ರೊಟ್ಟಿಯ ಒಂದು ಅಂಚು ಸೀದುಹೋಯಿತು. ಅವಳು ಅದನ್ನು ತಿರುವಿ ಹಾಕಿ, ಸೀದದ್ದನ್ನು ತನ್ನ ತಟ್ಟೆಗೂ ಚೆನ್ನಾಗಿದ್ದದ್ದನ್ನು ಅವನ ತಟ್ಟೆಗೂ ಹಾಕಿದಳು.

"ಇನ್ನೊಂದ್ ಸಲ ಕರಿ ನೋಡಾನ" ಅಂದ ಅವನು.

"ಕರಡಿ ಬರ್ಲಿ" ಅಂದಳು ಕಸ್ತೂರಮ್ಮ.